ಮೂವತ್ತೊಂದು ಗ್ರಾಮಿನ ಚಿಲಕ

ಎಲ್ಲಿಂದ ಶುರು ಮಾಡಲಿ? ಡಚ್ಚರ ನಾಡಿನ ಫ್ರೀಸ್‌ಲ್ಯಾಂಡಿನಲ್ಲಿರುವ ನನ್ನ ಕೊಟ್ಟಿಗೆಯಿಂದಲೇ ಶುರುವಾಗಲಿ. ಈಗ ಅಲ್ಲಿ ಹಸುಗಳಿಲ್ಲ. ಹನ್ನೊಂದು ಜನ ಕಾಲೇಜು ಮಕ್ಕಳು ಬಿಸಿಲಿನ ಶಕ್ತಿಯಿಂದ ಓಡುವ ರೇಸ್ ಕಾರು ಕಟ್ಟುತ್ತಿದ್ದಾರೆ. (ನಮ್ಮೂರಿಗೆ ಬಿಸಿಲು ಬರುವುದು ವರ್ಷಕ್ಕೆ ಎರಡೂವರೆ ದಿನ.)

೧
ಕಥಾನಾಯಕಿ ಆ ಹನ್ನೊಂದು ಜನರಲ್ಲಿ ಒಬ್ಬಳಾದ ವೀತ್ಸ್ಕೆ. ಅವಳ ಹೊನ್ನಿನ ಕೂದಲು...

"ಕೂದಲು ಬಿಡಿ ಅಜ್ಜಿ, ಚಿಲಕದ ವಿಷ್ಯ ಬರೀರಿ," ಎಂದಳು ವೀತ್ಸ್ಕೆಯೇ, ನನ್ನ ಹಾಳೆಯೊಳಗೆ ಇಣುಕಿ.

ಆ ಕರಡು ಒಲೆಗೆ ಹೋಯಿತು.

೨
ಚಿಲಕ, ಓಡಿಸುವವನ ತಲೆಯ ಮೇಲೆ ಬೀಳುವ ಕಾರಿನ ಮುಚ್ಚಳದ್ದು. ಓಡಿಸುವವನು ಒಳಗಿನಿಂದ ತಾನೇ ಅದನ್ನು ತೆಗೆದು ಹದಿನೈದು ಸೆಕೆಂಡಿನಲ್ಲಿ ಹೊರಬರಬೇಕು. ನಾಳೆ ರೇಸಿನವರ ತಪಾಸಣೆ. ಕಾರು ಹಗುರವಾಗಲೆಂದು ವೀತ್ಸ್ಕೆ ಮೂರು ತಿಂಗಳು ಅರ ಹಾಕಿ ಉಜ್ಜಿ ಅದನ್ನು ಮೂವತ್ತೊಂದು ಗ್ರಾಮಿಗೆ ಇಳಿಸಿದ್ದಳು. ನಲವತ್ತು ವರ್ಷದ ಸಂಸಾರದಲ್ಲಿ ನನ್ನ ಗಂಡ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಇವತ್ತಿನ ಅಭ್ಯಾಸದಲ್ಲಿ ಓಡಿಸುವ ಯೋರಿತ್ ಒಂಬತ್ತೇ ಸೆಕೆಂಡಿಗೆ ಹೊರಬಂದ. ಶುಭಂ ಎಂದು ಬರೆಯಲು ಹೊರಟಿದ್ದೆ.

೪ (ಮೂರನ್ನು ಇಲಿ ತಿಂದಿತು ಎಂದುಕೊಳ್ಳಿ)
ಆದರೆ ನನ್ನ ಹಾಳು ಕಣ್ಣು. ಚಿಲಕ ಎಳೆಯುವ ಮೊದಲು ಯೋರಿತ್ ಮುಚ್ಚಳಕ್ಕೆ ಭುಜದಿಂದ ಒಂದು ಗುದ್ದು ಕೊಡುತ್ತಿದ್ದ. ಉಳಿದವರೂ ಅಷ್ಟೇ. ಇಲ್ಲಿ ಮಳೆಗೆ ಉಬ್ಬದ ಬಾಗಿಲೇ ಇಲ್ಲ. ಗುದ್ದಿ ಎಳೆಯುವುದನ್ನು ನಮ್ಮ ಜನ ತಾಯಿಯ ಹೊಟ್ಟೆಯಲ್ಲೇ ಕಲಿತು ಬರುತ್ತಾರೆ. ಅದು ದೋಷ ಎಂದು ಯಾರಿಗೂ ಹೊಳೆಯಲಿಲ್ಲ.

ಸುಮ್ಮನಿರಬಹುದಿತ್ತು. ಹತ್ತೂವರೆಯ ಕಾಫಿ ಹೊತ್ತಿನಲ್ಲಿ ಹೇಳಿಬಿಟ್ಟೆ. ಕಾರು ಮಗುಚಿ ಭುಜ ಮುರಿದುಕೊಂಡವನು ಯಾವುದರಿಂದ ಗುದ್ದುತ್ತಾನೆ ಎಂದೂ ಕೇಳಿದೆ.

ವೀತ್ಸ್ಕೆ ತನ್ನ ಪಾಲಿನ ಒಂದೇ ಒಂದು ಬಿಸ್ಕತ್ತನ್ನು ಕೆಳಗಿಟ್ಟಳು. "ಗುದ್ದದೆ ಕೂಡ ತೆಗೀಬಹುದು. ನೀವೇ ಒಳಗೆ ಕೂತ್ಕೊಳ್ಳಿ. ಗುದ್ದಬಾರದು ಅಷ್ಟೆ."

(ಪಾತ್ರಗಳು ಬರೆಯುವವಳನ್ನು ಎತ್ತಿಕೊಂಡು ಹೋಗಬಾರದು ಎಂದು ಇವರಿಗೆ ಯಾವ ಕಾಲೇಜೂ ಕಲಿಸಿಲ್ಲ.)

ನಾಲ್ವರು ಎತ್ತಿ ತುರುಕಿದರು. ಮುಚ್ಚಳ ಬಿತ್ತು. ಎಳೆದೆ. ಹದಿನೈದಾಯಿತು. ನಲವತ್ತಾಯಿತು. ನೂರಕ್ಕೆ ಅವರ ಏಳು ತಲೆಮಾರನ್ನು ಬೈದು ಮುಗಿಸಿದ್ದೆ.

ಮುಕ್ತಾಯ ಒಂದು: ನನ್ನ ತೋಳ್ಬಲಕ್ಕೆ ಚಿಲಕ ತೆರೆಯಿತು. ("ಸುಳ್ಳು," ಎಂದಳು ವೀತ್ಸ್ಕೆ.)

ಮುಕ್ತಾಯ ಎರಡು: ಅವಳು ಬಿಕ್ಕಿ ಬಿಕ್ಕಿ ಅತ್ತಳು. ("ನಾನಾ? ಹೊಡೆದು ಹಾಕಿ ಅದನ್ನ.")

ನಡೆದದ್ದು ಇಷ್ಟು. ಅವಳು ಹೊರಗಿನಿಂದ ಸ್ಕ್ರೂ ಬಿಚ್ಚಿ ನನ್ನನ್ನು ಹೊರಗೆಳೆದಳು. ಮೂರು ತಿಂಗಳ ಚಿಲಕವನ್ನು ತಿರುಗಿಯೂ ನೋಡದೆ ಕಸದ ಬುಟ್ಟಿಗೆ ಹಾಕಿ, ದಪ್ಪನೆಯ ಹೊಸ ಲೋಹದ ತುಂಡು ಹಿಡಿದು ಕೂತಳು.

"ನಾಳೆಯೊಳಗೆ ಆಗುತ್ತಾ?" ಎಂದ ಯೋರಿತ್.

"ಗೊತ್ತಿಲ್ಲ. ನೀನು ಎರಡೂ ಭುಜ ಕಟ್ಟಿಸ್ಕೊಂಡು ರೆಡಿ ಇರು."

ಆಯಿತೇ ಇಲ್ಲವೇ ಎಂದು ನನ್ನನ್ನು ಕೇಳಬೇಡಿ. ಅರ ಇನ್ನೂ ಕಿರುಗುಟ್ಟುತ್ತಿದೆ. ಬೇಗ ಮುಗಿಸು ತಾಯಿ, ಓದುವವರು ಕಾಯುತ್ತಿದ್ದಾರೆ ಎಂದು ಬೇಕಾದರೆ ನೀವೇ ಹೋಗಿ ಹೇಳಿ. ನನಗಂತೂ ಧೈರ್ಯವಿಲ್ಲ.