ಲೆಕ್ಕಕ್ಕಿಲ್ಲದ ರಕ್ತ

ನನ್ನ ಸೋದರಮಾವನನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಹೆಪ್ಪು ಮಾವ ಎಂದೇ. ರಕ್ತ ಮೈಯೊಳಗೇ ಯಾಕೆ ಹೆಪ್ಪುಗಟ್ಟುತ್ತದೆ, ಅದು ಮಿದುಳಿಗೆ ಹೋಗಿ ಸಿಕ್ಕಿಕೊಂಡು ಲಕ್ವ ಯಾಕೆ ಹೊಡೆಯುತ್ತದೆ ಎಂದು ತಲೆ ಕೆಡಿಸಿಕೊಂಡೇ ಅವರ ಕೂದಲೆಲ್ಲ ಉದುರಿತು. "ಹಾಲಿಗೆ ಹೆಪ್ಪು ಹಾಕೋದು ನಮ್ಮಕ್ಕನಿಗೆ ಗೊತ್ತು, ರಕ್ತದ ಹೆಪ್ಪು ಒಡೆಯೋದು ನನಗೆ ಗೊತ್ತು" ಎಂದು ನಗಿಸುತ್ತಿದ್ದರು. ನಗುವವರಲ್ಲಿ ಅಮ್ಮನೇ ಮೊದಲು. ಹೊಲಿಗೆ ಮಿಷನ್ ತುಳಿದು ಆ ತಮ್ಮನನ್ನು ಓದಿಸಿದವಳು ಅವಳು. ಅವನು ಕೆಮ್ಮಿದರೂ ಅವಳಿಗೆ ಸಂಗೀತ.

ರೋಗಿಗಳ ರಕ್ತದ ಜೊತೆ ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು ಎಂದು ಮಾವ ಒಮ್ಮೆ ಹೇಳಿದಾಗ ಅಮ್ಮ ಕತ್ತರಿ ಕೆಳಗಿಟ್ಟು ಅವರ ಲ್ಯಾಬಿಗೆ ಹೊರಟೇಬಿಟ್ಟಳು. ಒಂದು ಸಲವಲ್ಲ, ಮೂರು ಸಲ ಕರೆಸಿಕೊಂಡರು. ಲ್ಯಾಬಿನವರು ಅವಳಿಗೆ ನಾರ್ಮಲಕ್ಕ ಎಂದು ಹೆಸರಿಟ್ಟರು. ರಕ್ತ ತೆಗೆಯುವ ಹುಡುಗಿಗೆ ಮಾವ ಯಾಕೋ ಬೈಯುತ್ತಿದ್ದರಂತೆ. "ಪಾಪ, ಬಿಡೋ" ಎಂದು ಅಮ್ಮನೇ ಬಿಡಿಸುತ್ತಿದ್ದಳಂತೆ. ಮಾವನ ಸಂಶೋಧನೆ ಅಚ್ಚಾದ ಮೇಲಂತೂ ಅಳತೆ ಕೊಡಲು ಬಂದವರಿಗೆಲ್ಲ ಒಂದೇ ಮಾತು. "ನನ್ನ ತಮ್ಮ ಬರೆದಿರೋದ್ರಲ್ಲಿ ನನ್ನ ರಕ್ತಾನೂ ಇದೆ ಕಣ್ರೀ." ಟೇಪು ಕೊರಳಲ್ಲೇ ನೇತಾಡುತ್ತಿತ್ತು, ಅಳತೆ ಮರೆತೇ ಹೋಗುತ್ತಿತ್ತು.

ಕಳೆದ ವಾರ ಹೊಲಿಯುತ್ತಿದ್ದವಳ ಬಲಗೈ ಬಟ್ಟೆಯ ಮೇಲೆ ಹಾಗೇ ಬಿದ್ದುಕೊಂಡಿತು. ಬಾಯಿ ಸೊಟ್ಟಗಾಯಿತು. ಆಸ್ಪತ್ರೆ ಸೇರುವಷ್ಟರಲ್ಲಿ ಮಾತು ನಿಂತಿತ್ತು. ಜೀವ ಉಳಿಯಿತು, ಕೈ ಉಳಿಯಲಿಲ್ಲ. ಆದರೆ ನಾವು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ. ಉತ್ತರ ಮಾತ್ರ ಕಣ್ಣಲ್ಲಿ.

ನಿನ್ನೆ ವಾರ್ಡಿನ ಡಾಕ್ಟರಮ್ಮ ಬಂದಾಗ ಮಾವನೂ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು.

"ಬಿಪಿ ಇಲ್ಲ, ಶುಗರ್ ಇಲ್ಲ, ಹಾರ್ಟೂ ಚೆನ್ನಾಗಿದೆ" ಎಂದರು ಡಾಕ್ಟರಮ್ಮ. "ರಕ್ತದಲ್ಲೇ ಏನೋ ತೊಂದರೆ ಇರ್ಬೇಕು. ಹೆಪ್ಪುಗಟ್ಟೋ ಟೆಸ್ಟ್ ಹಿಂದೆ ಯಾವಾಗಾದ್ರೂ ಮಾಡ್ಸಿದ್ರಾ?"

ನಾನು ಹೆಮ್ಮೆಯಿಂದಲೇ ಹೇಳಿದೆ. "ಮೂರು ಸಲ ಮಾಡಿದಾರೆ ಡಾಕ್ಟರ್, ನಮ್ಮ ಮಾವಾನೇ. ಎಲ್ಲಾ ನಾರ್ಮಲ್. ಅಲ್ವಾ ಮಾವ?"

ಮಾವ ಗ್ಲೂಕೋಸ್ ಬಾಟಲಿಯನ್ನೇ ನೋಡುತ್ತ ಕೂತರು. ಡಾಕ್ಟರಮ್ಮ ಇನ್ನೊಮ್ಮೆ ಕೇಳಿದ ಮೇಲೆ ಬಾಯಿ ಬಿಟ್ಟರು. "ಬೇಗ ಗಟ್ಟಿಯಾಗಿತ್ತು. ತುಂಬಾನೇ ಬೇಗ. ಸೂಜಿ ಸರಿಯಾಗಿ ಚುಚ್ಚದೇ ಇದ್ರೆ ಹಾಗಾಗುತ್ತೆ. ಆ ಹುಡುಗಿ ತಪ್ಪು ಅಂದ್ಕೊಂಡೆ. ಸ್ಯಾಂಪಲ್ ಕೆಟ್ಟಿದೆ ಅಂತ ತೆಗೆದುಹಾಕ್ದೆ."

"ಮೂರು ಸಲಾನೂ?" ಎಂದರು ಡಾಕ್ಟರಮ್ಮ.

"ಅಕ್ಕನ್ನ ಸೇರಿಸಿದ್ರೆ ಲೆಕ್ಕಾನೇ ತಪ್ಪಿಹೋಗ್ತಿತ್ತು."

ಡಾಕ್ಟರಮ್ಮ ಅವರ ಮುಖವನ್ನೊಮ್ಮೆ ನೋಡಿ, ಹೊಸ ಪರೀಕ್ಷೆಗಳನ್ನು ಬರೆದು ಮುಂದಿನ ಮಂಚಕ್ಕೆ ಹೋದರು.

ನನಗೆ ಮೈಯೆಲ್ಲ ಉರಿದುಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಸೂಜಿ ಡೊಂಕು ಅಂದರು. ಬೈಸಿಕೊಂಡ ಆ ಹುಡುಗಿ ಸರಿಯಾಗಿಯೇ ಚುಚ್ಚಿದ್ದಳು. ಊರವರ ರಕ್ತವನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ ಮಹಾನುಭಾವರಿಗೆ ಒಡಹುಟ್ಟಿದವಳ ರಕ್ತ ಮಾತ್ರ ಕಸ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವತ್ತೇ ಒಂದು ಮಾತು ಹೇಳಿದ್ದರೆ ಅಮ್ಮ ಮಾತ್ರೆ ನುಂಗಿಕೊಂಡು ಇವತ್ತೂ ಹೊಲಿಯುತ್ತಿದ್ದಳೋ ಏನೋ.

"ಅಮ್ಮಂಗೆ ಹೇಳಿ ಮಾವ" ಎಂದೆ. "ನಾನು ಬರೆದಿರೋದ್ರಲ್ಲಿ ನಿನ್ನ ರಕ್ತ ಇಲ್ಲ ಅಂತ ನೀವೇ ಬಾಯಿಬಿಟ್ಟು ಹೇಳಿ. ಕಂಡಕಂಡವರಿಗೆಲ್ಲ ಹೇಳ್ಕೊಂಡು ಬಂದಳಲ್ಲ."

"ಈಗ ಅದೆಲ್ಲ ಯಾಕೆ? ಈ ಸ್ಥಿತೀಲಿ ಅವಳಿಗೇನು ತಿಳಿಯುತ್ತೆ?"

ಅಮ್ಮ ಅಷ್ಟು ಹೊತ್ತೂ ಅವರನ್ನೇ ನೋಡುತ್ತಿದ್ದಳು.

ಮಾವ ಚೀಲದಿಂದ ಸಿರಿಂಜು, ಸಣ್ಣ ನಳಿಕೆ, ರಬ್ಬರ್ ಪಟ್ಟಿ ತೆಗೆದರು. ಬರುವಾಗಲೇ ತಂದಿದ್ದರು. "ಅಕ್ಕಾ, ಸ್ವಲ್ಪ ರಕ್ತ ಬೇಕಿತ್ತು. ಇಂಥ ಕೇಸ್ ಸಿಗೋದು ಅಪರೂಪ." ಅವತ್ತು ನಾರ್ಮಲಕ್ಕ, ಇವತ್ತು ಕೇಸು. ಇವಳು ಇವರಿಗೆ ಬರೀ ಅಕ್ಕನಾಗಿದ್ದದ್ದು ಯಾವಾಗಲೋ.

ಎಡತೋಳಿಗೆ ಪಟ್ಟಿ ಕಟ್ಟಲು ಹೋದರು. ಅಮ್ಮ ಕೊಸರಿಕೊಂಡಳು. ಆ ಎಡಗೈಯಿಂದಲೇ ತನ್ನ ಬಲಗೈಯ ಮಣಿಕಟ್ಟು ಹಿಡಿದು, ಕಷ್ಟಪಟ್ಟು ಎತ್ತಿ, ತಮ್ಮನ ತೊಡೆಯ ಮೇಲೆ ಹಾಕಿದಳು. ಹೊಲಿಗೆ ಸೂಜಿ ಚುಚ್ಚಿ ಚುಚ್ಚಿ ಅದರ ಬೆರಳತುದಿ ಗಂಟುಗಂಟಾಗಿತ್ತು. ಅವರನ್ನು ಓದಿಸಿದ ಕೈ ಅದು.

"ಈ ಕೈ ಬೇಡ ಅಕ್ಕಾ. ಆ ಕೈ ಕೊಡು."

ಅಮ್ಮ ಎಡಗೈಯನ್ನು ಹೊದಿಕೆಯೊಳಗೆ ಸೇರಿಸಿಕೊಂಡಳು. ಕಣ್ಣು ಮಾತ್ರ ಅವರ ಮೇಲಿಂದ ಕದಲಲಿಲ್ಲ.

ಮಾವ ಅತ್ತರೋ ಏನೋ, ನಾನು ನೋಡಲು ಹೋಗಲಿಲ್ಲ. ಆದರೂ ಪಟ್ಟಿ ಬಿಗಿದರು, ತಲೆ ಬಗ್ಗಿಸಿ ಆ ಬಲಗೈಯಲ್ಲೇ ನರ ಹುಡುಕತೊಡಗಿದರು.

"ಸರಿಯಾಗಿ ಚುಚ್ಚಿ ಮಾವ" ಎಂದೆ. "ಆಮೇಲೆ ಸ್ಯಾಂಪಲ್ ಕೆಟ್ಟಿದೆ ಅಂತೀರಿ."