ಈ ವಿಳಾಸದಲ್ಲಿ ಅಂಥವರಿಲ್ಲ

ಈ ಹುಡುಗಿ ನನ್ನ ಬೂಟನ್ನೇ ನೋಡುತ್ತಿದ್ದಾಳೆ, ಎದುರು ಸೀಟಿನವಳು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಈ ಬಿಸಿಲಿಗೆ ಮುದುಕಿಗೇಕೆ ಇಷ್ಟು ದಪ್ಪ ಬೂಟು ಅಂದುಕೊಳ್ಳುತ್ತಿರಬೇಕು, ಸಖಾಲಿನ್ ದ್ವೀಪದಲ್ಲಿ ಹೊಲಿಸಿದ್ದು ಮಗಳೇ, ಹಿಮ ತುಳಿಯುವುದಕ್ಕೆ, ಎಂದು ನಾನು ಬಾಯಿ ಬಿಟ್ಟರೆ ಸಾಕು, ಮಾತಿನ ರಾಗ ಕೇಳಿ ಅವಳೂ ಎಲ್ಲರ ಹಾಗೆ ಅಜ್ಜಿ ನೀವು ಚೀನಾದವರಾ ಅನ್ನುತ್ತಾಳೆ, ನಮ್ಮ ಬೀದಿಯ ಮೀನಿನಂಗಡಿಯವಳಂತೂ ಹತ್ತು ವರ್ಷವಾದರೂ ನಾನು ಹೋದ ಕೂಡಲೇ ರಷ್ಯಾ ಅಜ್ಜಿ ಬಂದ್ರು ನೋಡ್ರೇ ಎಂದು ಒಳಕ್ಕೆ ಕೂಗುತ್ತಾಳೆ — ಅಲ್ಲಿ ಐವತ್ತೈದು ವರ್ಷ ರಷ್ಯದವರು ಏಯ್ ಕೊರಿಯಾದವಳೇ, ಹಿಂದೆ ನಿಲ್ಲು ಅಂದರು, ಇಲ್ಲಿಗೆ, ಕೊರಿಯಾಕ್ಕೆ ಬಂದ ಮೇಲೆ ನಾನು ರಷ್ಯದವಳಾದೆ. ರೈಲು ನನ್ನ ಮನೆಯಿರುವ ಅನ್ಸಾನ್ ಕಡೆ ಓಡುತ್ತಿದೆ, ಹೊಟ್ಟೆ ಖಾಲಿ, ಊಟಕ್ಕೆಂದೇ ಕರೆದಿದ್ದ ತಮ್ಮ ಸಾಂಗ್‌ಬೇ, ಅಪ್ಪನ ಎರಡನೆಯ ಹೆಂಡತಿಯ ಮಗ, ಮೊನ್ನೆ ಮೊನ್ನೆ ನಿವೃತ್ತನಾದ ಹೆಡ್‌ಮಾಸ್ಟರ್, ಎಲುಬಿನ ಸಾರು ತರಿಸಿದ್ದ, ಒಂದು ತುತ್ತೂ ಮುಟ್ಟದೆ ಎದ್ದು ಬಂದೆ, ಬೆನ್ನ ಹಿಂದೆ ಅಕ್ಕಾ, ಆರಿಹೋಗುತ್ತೆ, ಅಷ್ಟಾದರೂ ತಿಂದು ಹೋಗಿ ಅನ್ನುತ್ತಿದ್ದ, ನಲವತ್ತು ವರ್ಷ ಆರದೆ ಉಳಿದದ್ದೇನೋ ಇತ್ತು ಅನ್ನುವ ಹಾಗೆ.

ಅಪ್ಪನ ಮುಖ ನಾನು ನೋಡಿಲ್ಲ, ನೋಡಿದ್ದು ಫೋಟೋದಲ್ಲಿ, ಅದೂ ಸಾಂಗ್‌ಬೇ ಮನೆಯ ಗೋಡೆಯಲ್ಲಿ. ಜಪಾನಿಯರು ಅವನನ್ನು ತೆಂಕಣದ ಹಳ್ಳಿಯಿಂದ ಎತ್ತಿಕೊಂಡು ಹೋಗಿ ಆಗ ತಮ್ಮ ಕೈಯಲ್ಲಿದ್ದ ಸಖಾಲಿನ್‌ನ ಕಲ್ಲಿದ್ದಲ ಗಣಿಗೆ ಹಾಕಿದರು, ಅಮ್ಮ ಹಿಂದೆಯೇ ಹೋದಳು, ನಾನು ಅವಳ ಹೊಟ್ಟೆಯಲ್ಲಿ ನಾಲ್ಕು ತಿಂಗಳಿನವಳಾಗಿದ್ದಾಗ, ಯುದ್ಧ ಮುಗಿಯುವುದಕ್ಕೆ ಒಂದು ವರ್ಷ ಮುಂಚೆ, ಒಂದು ಆಗಸ್ಟ್ ಬೆಳಿಗ್ಗೆ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ನಿಮ್ಮನ್ನು ಜಪಾನಿನ ಗಣಿಗೆ ಸಾಗಿಸ್ತೀವಿ, ಹೆಂಗಸರನ್ನ ಮುಂದಿನ ಹಡಗಿಗೆ ಕಳಿಸ್ತೀವಿ ಅಂದರಂತೆ. ಆ ಮುಂದಿನ ಹಡಗು ಬರಲಿಲ್ಲ. ಮರುವರ್ಷ ಯುದ್ಧ ಮುಗಿಯಿತು, ಜಪಾನಿಯರು ತಮ್ಮವರನ್ನು ಮಾತ್ರ ಹತ್ತಿಸಿಕೊಂಡು ಹೋದರು, ನಮ್ಮವರು ಬಂದರಿನ ಗುಡ್ಡದ ಮೇಲೆ ಗಂಟುಮೂಟೆಯ ಮೇಲೆ ಕೂತು ಚಳಿಗಾಲ ಕಳೆದರು, ಅಮ್ಮ ನನ್ನನ್ನು ಎದೆಗೆ ಕಟ್ಟಿಕೊಂಡು ಕೂತಿದ್ದಳು, ಹಾಲು ಬತ್ತುವವರೆಗೂ. ರಷ್ಯದವರು ಬಂದು ನಮ್ಮ ದೇಶದವರಾಗಿ, ಕಾಗದ ಕೊಡ್ತೀವಿ ಅಂದಾಗ ಅಮ್ಮ ಒಲ್ಲೆ ಅಂದಳು, ಅವರ ಕಾಗದ ತಗೊಂಡ್ರೆ ಹಡಗಿಗೆ ಹತ್ತಿಸ್ಕೊಳಲ್ಲ ಕಣೇ, ನಿಮ್ಮಪ್ಪ ಬಂದು ಹುಡುಕ್ತಾರೆ — ಇಪ್ಪತ್ತೈದು ವರ್ಷ ಯಾವ ದೇಶದವಳೂ ಅಲ್ಲದೆ ಇದ್ದಳು, ಪಕ್ಕದ ಊರಿಗೆ ಹೋಗಬೇಕಾದರೂ ಪೊಲೀಸರ ಚೀಟಿ ಬೇಕು, ಮೀನಿನ ಕಾರ್ಖಾನೆಯಲ್ಲಿ ಕೈ ಸೀಳಿಸಿಕೊಂಡು, ನಾಳೆ ಹೊರಡುವವಳ ಹಾಗೆ, ಮನೆಗೆ ಒಂದು ಒಳ್ಳೆಯ ಮೇಜು ಕೂಡ ಕೊಳ್ಳದೆ. ಯುದ್ಧ ಮುಗಿದ ಆಗಸ್ಟಿಗಿಂತ ಮುಂಚೆ ಹುಟ್ಟಿದವರು ಮಾತ್ರ ತಾಯ್ನಾಡಿಗೆ ವಾಪಸು ಬರಬಹುದು ಎಂದು ಕೊನೆಗೆ ಇಲ್ಲಿಯ ಸರ್ಕಾರ ಬಾಗಿಲು ತೆರೆದಾಗ ಅವಳಿರಲಿಲ್ಲ, ಏಳು ತಿಂಗಳು ಮುಂಚೆ ಹುಟ್ಟಿದ ತಪ್ಪಿಗೆ ನಾನು ಕೊರಿಯಾದವಳಾದೆ, ನನ್ನ ಮಗಳು ವೇರಾ ಆಗಲಿಲ್ಲ, ಅವಳು ಅಲ್ಲೇ, ಬಂದರಿನಲ್ಲಿ ನನ್ನನ್ನು ಬೀಳ್ಕೊಡುವಾಗ ಅಜ್ಜಿ ಕಾದಳು, ಈಗ ನಾನು ಕಾಯೋ ಸರದಿಯಾ ಅಂದಳು, ನಗುತ್ತಲೇ ಅಂದಳು.

ಅಪ್ಪನಿಗೆ ಹೋದ ಆ ಒಂದು ಕಾಗದ ಬರೆದದ್ದು ನಾನು. ನನಗೆ ಆಗ ಇಪ್ಪತ್ತೈದು, ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಜಪಾನಿನಲ್ಲಿರುವ ನಮ್ಮವನೊಬ್ಬ ಸಖಾಲಿನ್‌ನ ಕಾಗದಗಳನ್ನು ಕೊರಿಯಾಕ್ಕೆ ದಾಟಿಸುತ್ತಾನೆ ಎಂಬ ಸುದ್ದಿ ಬಂತು, ಅಮ್ಮ ಸ್ನಾನ ಮಾಡಿ ಬಂದು ಕೂತು ಹೇಳಿದಳು, ನಾನು ಬರೆದೆ, ಅಪ್ಪನ ಹಳ್ಳಿಯ ವಿಳಾಸಕ್ಕೆ, ನಾಮ್ ದುಚಿಲ್ ಅವರಿಗೆ, ನಾವು ಬದುಕಿದ್ದೇವೆ, ಹುಟ್ಟಿದ್ದು ಹೆಣ್ಣು, ಹೆಸರು ಓಕ್ಬುನ್, ಮೂಗು ನಿಮ್ಮದೇ, ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಎಂಟು ತಿಂಗಳಿಗೆ ನಮ್ಮ ಲಕೋಟೆಯೇ ಜಪಾನಿನವನ ಲಕೋಟೆಯೊಳಗೆ ಕೂತು ವಾಪಸು ಬಂತು, ಮೇಲೆ ದುಂಡನೆಯ ಅಕ್ಷರದಲ್ಲಿ ಈ ವಿಳಾಸದಲ್ಲಿ ಅಂಥವರಿಲ್ಲ. ಆ ಅಕ್ಷರ ಯಾರದೆಂದು ಇವತ್ತು ಗೊತ್ತಾಯಿತು. ಅಕ್ಕಾ, ಹತ್ತು ವರ್ಷದಿಂದ ನಿಮಗೆ ಸುಳ್ಳು ಹೇಳ್ತಾ ಬಂದೆ, ಆ ಕಾಗದ ನಮ್ಮನೆಗೆ ಬಂದಿತ್ತು, ಅಂದ ಸಾಂಗ್‌ಬೇ, ಮೂಲಂಗಿ ಕಿಮ್ಚಿಯ ತಟ್ಟೆಯನ್ನು ನನ್ನ ಕಡೆ ಸರಿಸುತ್ತಾ, ಮೇಷ್ಟ್ರ ದನಿಯಲ್ಲಿ, ಪಾಠ ಒಪ್ಪಿಸುವವನ ಹಾಗೆ — ಅವನು ಆಗ ಮೇಷ್ಟ್ರ ಕೆಲಸಕ್ಕೆ ಓದುತ್ತಿದ್ದನಂತೆ, ಯುದ್ಧ ಮುಗಿದೊಡನೆ ಜಪಾನಿನಿಂದ ಹಳ್ಳಿಗೆ ಮರಳಿದ್ದ ಅಪ್ಪ ಜಗಲಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದನಂತೆ, ಇವನ ತಾಯಿ ಗದ್ದೆಗೆ ಹೋಗಿದ್ದಳು, ಇವನು ಒಡೆದು ಜೋರಾಗಿ ಓದಿದ, ಅಪ್ಪ ಅಗಿಯುವುದನ್ನು ನಿಲ್ಲಿಸಿ ಹೆಸರೇನಂದೆ ಅಂದ, ಓಕ್ಬುನ್, ಇನ್ನೊಂದ್ಸಲ ಹೇಳು, ಓಕ್ಬುನ್, ಆಮೇಲೆ ಮತ್ತೆ ಅಗಿದ, ನುಂಗಿ ಅಂದ, ಕೆಂಪು ದೇಶದಲ್ಲಿ ನೆಂಟರಿದ್ದಾರೆ ಅಂತ ಗೊತ್ತಾದ್ರೆ ನಿನಗೆ ಕೆಲಸ ಕೊಡಲ್ಲ, ನನ್ನನ್ನ ಗೂಢಚಾರ ಅಂತ ಎಳ್ಕೊಂಡು ಹೋಗ್ತಾರೆ, ಅಂಥೋರು ಯಾರೂ ಇಲ್ಲ ಅಂತ ಬರೆದು ವಾಪಸ್ ಕಳಿಸು. ಇದನ್ನು ಹೇಳಿ ಸಾಂಗ್‌ಬೇ ಕನ್ನಡಕ ತೆಗೆದು ಒರೆಸಿಕೊಂಡ, ಕಣ್ಣು ಒದ್ದೆಯಾಗಿತ್ತು, ಎದೆ ಹಗುರವಾಯಿತೇನೋ ಅವನಿಗೆ, ಆ ಭಾರ ಈಗ ನನ್ನ ಮಡಿಲಲ್ಲಿ ಕೂತು ರೈಲಿನಲ್ಲಿ ಬರುತ್ತಿದೆ. ನಾನು ಕೇಳಿದ್ದು ಒಂದೇ, ಒಡೆದ ಲಕೋಟೆಯನ್ನ ಅಂಚೆಯವರು ಹೇಗೆ ತಗೊಂಡ್ರು. ಅಪ್ಪಾನೇ ಬಟ್ಟಲಿನಿಂದ ನಾಲ್ಕು ಅಗುಳು ತೆಗೆದು, ಹೆಬ್ಬೆರಳಲ್ಲಿ ಒತ್ತಿ ಅಂಟಿಸಿಕೊಟ್ರು ಅಕ್ಕ. ಆಮೇಲೆ ಅವನು ಈ ಸಲದ ತಿಥಿಯ ಮಾತೆತ್ತಿದ, ಅಪ್ಪನ ತಿಥಿಗೆ ನೀವೂ ಬನ್ನಿ, ಹಿರಿ ಮಗಳು ನೀವು, ಮೊದಲ ಬಟ್ಟಲು ನೀವೇ ಇಡಿ. ನಾನು ಎದ್ದು ನಿಂತೆ, ನಾವು ಅವರ ತಿಥೀನ ಹನ್ನೆರಡು ಸಲ ಮಾಡಿ ಮುಗಿಸಿದ್ದೀವಪ್ಪ ಅಂದೆ, ಅವನಿಗೆ ಅರ್ಥವಾಗಲಿಲ್ಲ.

ಹೌದು, ಹನ್ನೆರಡು ಸಲ, ಅಪ್ಪ ಸತ್ತದ್ದು ಎಂಬತ್ತೆಂಟರಲ್ಲಿ ಎಂದು ಗೋರಿಯ ಕಲ್ಲಿನಲ್ಲಿ ಕೆತ್ತಿದ್ದಾರೆ, ಅಮ್ಮ ಸತ್ತದ್ದು ಎಂಬತ್ಮೂರರಲ್ಲಿ, ಅಂದರೆ ಬದುಕಿದ್ದ ಗಂಡನಿಗೆ ಅವಳು ಹನ್ನೆರಡು ವರ್ಷ ಎಡೆ ಇಟ್ಟಳು, ಪಾಪ, ಗೊತ್ತಿಲ್ಲದೆ, ಎಂದು ನಾನು ಈ ರೈಲು ಹತ್ತುವವರೆಗೂ ಅಂದುಕೊಂಡಿದ್ದೆ — ಅಗುಳು, ನಾಲ್ಕು ಅಗುಳು, ತಡೆ, ಲಕೋಟೆ ಬಂದ ದಿನ ಅಮ್ಮ ಕಿಟಕಿಯ ಬೆಳಕಿಗೆ ಹೋಗಿ ನಿಂತಿದ್ದಳಲ್ಲ, ಓದಲು ಬಾರದವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಅಂಚಿನಲ್ಲಿ ಒಣಗಿ ಗಾಜಿನಂತಾದ ಏನನ್ನೋ ಉಗುರಿನಿಂದ ಕಿತ್ತು ಅಂಗೈ ಮೇಲೆ ಇಟ್ಟುಕೊಂಡಳು, ಬಹಳ ಹೊತ್ತು ನೋಡಿದಳು, ನಾವು ಕಳಿಸುವಾಗ ಅಂಗಡಿಯ ಗೋಂದು ಹಚ್ಚಿದ್ದೆವು, ಅಂಚೆಯವರು ಅನ್ನ ಹಚ್ಚುವುದಿಲ್ಲ. ನಿಮ್ಮಪ್ಪ ಸತ್ತರು ಅಂದಳು. ಅಮ್ಮಾ, ಅಂಥವರಿಲ್ಲ ಅಂತಷ್ಟೇ ಬರೆದಿದೆ. ಸತ್ತರು ಅಂದೆನಲ್ಲ. ಆ ವಾರವೇ ಕಚೇರಿಗೆ ಹೋಗಿ ರಷ್ಯದ ಕಾಗದ ಕೊಡಿ, ಸಹಿ ಹಾಕ್ತೀನಿ ಅಂದಳು, ನಾನು ದುಃಖಕ್ಕೆ ಅಂದುಕೊಂಡೆ, ಒಂದು ಹನಿ ಕಣ್ಣೀರು ಬರಲಿಲ್ಲ ಅವಳಿಗೆ, ಅದನ್ನೂ ದುಃಖವೇ ಅಂದುಕೊಂಡೆ. ಅವಳಿಗೆ ಗೊತ್ತಿತ್ತು. ಹನ್ನೆರಡು ವರ್ಷವೂ ಗೊತ್ತಿತ್ತು, ಆಗಸ್ಟಿನಲ್ಲಿ ಅವನು ಹೊರಟುಹೋದ ದಿನವೇ ಎಡೆ, ಮೀನು ಹುರಿದು, ಸೊಪ್ಪು ಬಾಡಿಸಿ, ಹಿತ್ತಾಳೆ ಬಟ್ಟಲಿಗೆ ಅನ್ನ ಒತ್ತಿ ತುಂಬಿ, ಸತ್ತವರು ಉಣ್ಣಲೆಂದು ಅನ್ನದಲ್ಲಿ ಚಮಚ ನಿಲ್ಲಿಸಬೇಕು, ಎಲ್ಲರೂ ಮೆತ್ತಗೆ ನಿಲ್ಲಿಸುತ್ತಾರೆ, ಮಗುವಿಗೆ ತಿನ್ನಿಸುವ ಹಾಗೆ, ಅಮ್ಮ ಮುಷ್ಟಿಯಲ್ಲಿ ಹಿಡಿದು ಚುಚ್ಚುತ್ತಿದ್ದಳು, ಆ ಹೊತ್ತಿಗೆ ಅವನು ಜಗಲಿಯಲ್ಲಿ ಕೂತು ಉಣ್ಣುತ್ತಿದ್ದನೇನೋ, ಬಿಸಿ ಅನ್ನ, ಅಮ್ಮನ ಮುಷ್ಟಿ, ಚಮಚ, ಬಟ್ಟಲಿನ ತಳಕ್ಕೆ ಬಡಿದ ಸದ್ದು, ಮರುವರ್ಷ ಮತ್ತೆ, ಮುಷ್ಟಿ, ಚಮಚ, ತಳಕ್ಕೆ ಬಡಿದ ಸದ್ದು, ಅನ್ನದಲ್ಲಿ ಅಲುಗದೆ ನಿಂತ ಚಮಚ —