ಬೈರಮ್ಮನನ್ನು ಉಳಿಸುವ ಆಟ

ಲೋಕೇಶನಿಗೆ ಸುಳ್ಳು ಆಟಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಪಾಂಡವಪುರದಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೆ ಅವನದೊಂದು ಕಂಪ್ಯೂಟರ್ ಕಲಿಸುವ ಸೆಂಟರು. ಅಲ್ಲಿಗೆ ಬರುವ ಹುಡುಗರು ಎಲ್ಲಿಂದಲೋ ಫ್ಲಾಪಿ ತಂದು, ಹತ್ತು ಗುಂಡು ಬಿದ್ದರೂ ಸಾಯದ ಸೈನಿಕನನ್ನು ಓಡಿಸಿಕೊಂಡು ಕೇಕೆ ಹಾಕುತ್ತಿದ್ದರು. ಇದೂ ಒಂದು ಆಟವೇ ಎಂದು ಮೂಗು ಮುರಿಯುತ್ತಿದ್ದ ಲೋಕೇಶ, ತೊಂಬತ್ತೇಳರಲ್ಲಿ ಬೆಂಗಳೂರಿನ ಪತ್ರಿಕೆಯೊಂದು ಸ್ವಂತ ಆಟ ಬರೆಯುವ ಸ್ಪರ್ಧೆ ಇಟ್ಟಾಗ ತೊಡೆ ತಟ್ಟಿ ಎದ್ದ. ನಮ್ಮ ಕಡೆಯ ಕಬ್ಬಿನ ಗಾಡಿಯನ್ನೇ ಇಟ್ಟುಕೊಂಡು, ಒಂದಿಷ್ಟೂ ಸುಳ್ಳಿಲ್ಲದ ಆಟ ಮಾಡುತ್ತೇನೆ ಎಂದ.

ಮಾಡಿದ. ಗದ್ದೆಯಿಂದ ಕಾರ್ಖಾನೆಯವರೆಗೆ ಕಬ್ಬಿನ ಗಾಡಿ ಹೊಡೆಯಬೇಕು, ಅಷ್ಟೆ. ಎತ್ತುಗಳು ನಿಜವಾದ ಎತ್ತುಗಳ ಹಾಗೇ ಹೆಜ್ಜೆ ಹಾಕಿದವು. ಹುಡುಗರು ಆಕಳಿಸಿದರು. ವೇಗ ಹೆಚ್ಚಿಸಿದ, ಎತ್ತುಗಳು ಮೋಟಾರು ಕಟ್ಟಿಕೊಂಡಂತೆ ಹಾರಿದವು, ಹುಡುಗರು ಬಿದ್ದು ಬಿದ್ದು ನಕ್ಕರು. ಇದಕ್ಕೆ ಬೇಕಾಗಿರುವುದು ವೇಗವಲ್ಲ, ಒಂದು ಕಥೆ ಎಂದು ಲೋಕೇಶನಿಗೆ ಹೊಳೆಯಿತು. ಕಥೆ ಹುಡುಕಿಕೊಂಡು ಅವನು ದೂರ ಹೋಗಲಿಲ್ಲ. ಮನೆಯಲ್ಲೇ ಒಂದು ಸಾವಿತ್ತು.

ಸೋದರಮಾವ ಹೊನ್ನಪ್ಪನ ಹೆಂಡತಿ ಬೈರಮ್ಮ ಹಿಂದಿನ ವರ್ಷ ತೀರಿಕೊಂಡಿದ್ದಳು. ನಾಲೆ ಏರಿಯ ಮೇಲೆ ಹೊನ್ನಪ್ಪ ಗಾಡಿ ಹೊಡೆಯುತ್ತಿದ್ದ, ಅವಳು ಕಬ್ಬಿನ ಹೊರೆಗಳ ಮೇಲೆ ಕೂತಿದ್ದಳು. ತಿರುವಿನಲ್ಲಿ ಎದುರಿಗೆ ಲಾರಿ ನುಗ್ಗಿತು. ಹೊನ್ನಪ್ಪ ಹಗ್ಗವನ್ನು ಎಡಕ್ಕೆ ಜಗ್ಗಿದ. ಎಡಗಡೆ ಇದ್ದದ್ದು ನಾಲೆ. ಗಾಡಿ ಮಗುಚಿ, ಅಷ್ಟೂ ಕಬ್ಬು ಅವಳ ಮೇಲೆ ಬಿತ್ತು. ಹೆಣದ ಮುಂದೆ ಕೂತ ಹೊನ್ನಪ್ಪನ ಹೆಗಲು ಹಿಡಿದು ಊರವರೆಲ್ಲ ಹೇಳಿದ್ದು ಒಂದೇ ಮಾತು: "ನಿನ್ ಜಾಗ್ದಲ್ಲಿ ಯಾರಿದ್ರೂ ಅಷ್ಟೆಯ ಕನಣ್ಣ. ಯಾರ್ ಕೈಲೂ ಆಯ್ತಿರ್ಲಿಲ್ಲ." ಆ ಮಾತನ್ನು ನಂಬಿಕೊಂಡೇ ಹೊನ್ನಪ್ಪ ಉಣ್ಣುತ್ತಿದ್ದ, ಮಲಗುತ್ತಿದ್ದ, ಮಗಳು ದಿವ್ಯಳ ಮುಖ ನೋಡುತ್ತಿದ್ದ. ಅದನ್ನೂ ಕಿತ್ತುಕೊಂಡರೆ ಅವನಿಗೆ ಉಳಿಯುವುದು ಏನೂ ಇರಲಿಲ್ಲ.

ಲೋಕೇಶ ಮಾವನ ಜಗಲಿಯ ಮೇಲೆ ಕೂತು ಕೆದಕಿದ. ಬಲಗಡೆಗೆ ಯಾವ ಎತ್ತು ಕಟ್ಟಿದ್ದೆ, ಹಳ್ಳ ಎಲ್ಲಿತ್ತು, ಅತ್ತೆ ಯಾವ ಸೀರೆ ಉಟ್ಟಿದ್ದಳು. ಅಳಿಯನಿಗೆ ಅತ್ತೆಯ ನೆನಪು ಕಾಡುತ್ತಿದೆ ಎಂದುಕೊಂಡ ಹೊನ್ನಪ್ಪ, ಕಣ್ಣೊರೆಸಿಕೊಳ್ಳುತ್ತ ಎಲ್ಲ ಹೇಳಿದ. ಹೇಳಿದ್ದೆಲ್ಲ ಪರದೆಯ ಮೇಲೆ ಬಂತು. ಹೊರೆಯ ಮೇಲೆ ಒಂದು ಹಸಿರು ಚುಕ್ಕೆಯೂ ಬಂತು, ಅದು ಅತ್ತೆಯ ಸೀರೆ.

ಈಗ ಹುಡುಗರು ಉಸಿರು ಬಿಗಿಹಿಡಿದು ಆಡಿದರು. ಆದರೆ ತಿರುವಿನಲ್ಲಿ ಏನು ಮಾಡಿದರೂ ಗಾಡಿ ನಾಲೆಗೆ ಬೀಳುತ್ತಿತ್ತು, ಲೋಕೇಶ ಬರೆದದ್ದೇ ಹಾಗೆ. ಎರಡು ಸಲ ಬಿದ್ದವರು ಎದ್ದು ಹೋದರು. "ಏನ್ ಮಾಡುದ್ರೂ ಸಾಯೋದೇ ಆದ್ರೆ ಆಡೋದ್ಯಾಕ್ ಸಾ?" ಎಂದು ಒಬ್ಬ ಕೇಳಿದ. ಮಾತು ನ್ಯಾಯವಾಗಿತ್ತು. ಗೆಲ್ಲಲು ಒಂದು ದಾರಿ ಬೇಕು, ಆದರೆ ಅದು ಸುಲಭಕ್ಕೆ ಸಿಗಬಾರದು. ಲೋಕೇಶ ತಲೆ ಕೆರೆದುಕೊಂಡು ಒಂದು ದಾರಿ ಕಟ್ಟಿದ: ಲಾರಿ ಕಂಡ ಕೂಡಲೇ ಆಡುವವನು ಎಲ್ಲ ಕೀಗಳಿಂದ ಕೈ ತೆಗೆದುಬಿಟ್ಟರೆ ಎತ್ತುಗಳು ತಾವಾಗಿಯೇ ನಿಲ್ಲುತ್ತವೆ, ಲಾರಿ ಪಕ್ಕದಲ್ಲಿ ಹಾದುಹೋಗುತ್ತದೆ, ಹಸಿರು ಚುಕ್ಕೆ ಬದುಕುತ್ತದೆ. ಆಟದ ಭರದಲ್ಲಿ ಯಾವನಿಗೂ ಕೈ ತೆಗೆಯಬೇಕು ಎಂದು ತೋಚುವುದಿಲ್ಲವಲ್ಲ! ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ. ಎತ್ತುಗಳು ನಿಜಕ್ಕೂ ಹಾಗೆ ನಿಲ್ಲುತ್ತವೆಯೇ ಎಂದು ಯಾರನ್ನೂ ಕೇಳಲಿಲ್ಲ.

ಅಷ್ಟಕ್ಕೇ ಸುಮ್ಮನಿದ್ದು ಫ್ಲಾಪಿಯನ್ನು ಪೋಸ್ಟಿಗೆ ಹಾಕಿದ್ದರೆ ಆಗುತ್ತಿತ್ತು. ಮಾವನಿಗೆ ತೋರಿಸಬೇಕು ಅನ್ನಿಸಿತು. ಆಟದಲ್ಲಾದರೂ ಅತ್ತೆ ಬದುಕಿದ್ದನ್ನು ನೋಡಿ ಮಾವನ ಮನಸ್ಸು ಹಗುರಾಗುತ್ತದಂತೆ! ಊರಿಗೆಲ್ಲ ಬುದ್ಧಿ ಕಲಿಸುವ ಹುಡುಗನ ಬುದ್ಧಿ ಇಷ್ಟು.

ಭಾನುವಾರ ಮಧ್ಯಾಹ್ನ ಹೊನ್ನಪ್ಪ ಮಗಳೊಂದಿಗೆ ಬಂದು, ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ದಿವ್ಯ ಆಡಲು ಕೂತಳು. ಪಿಯುಸಿ ಓದುವ ಹುಡುಗಿ, ಅದೇ ಸೆಂಟರಿನಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದವಳು. ಪರದೆಯ ಮೇಲೆ ದಾರಿ ತೆರೆದುಕೊಂಡಿತು.

"ಇದು ನಮ್ ನಾಲೆ ಏರಿ ಅಲ್ವೇನ್ಲಾ?" ಹೊನ್ನಪ್ಪ ಮುಂದಕ್ಕೆ ಬಾಗಿದ. "ನಮ್ ಬಲ್ದೆತ್ತು ಇಂಗೇ ಕನ್ಲಾ, ಒಂಚೂರು ಕುಂಟ್ಕಂಡು ನಡೀತಿತ್ತು. ಬಾಳ ಚೆನ್ನಾಗ್ ಮಾಡಿದ್ದೀಯ ಕನಪ್ಪ."

ಮೊದಲ ಸಲ ಗಾಡಿ ನಾಲೆಗೆ ಬಿತ್ತು. ಹೊನ್ನಪ್ಪ ಮುಖ ತಿರುಗಿಸಿಕೊಂಡ. ದಿವ್ಯ ಹಲ್ಲು ಕಚ್ಚಿ ಮತ್ತೆ ಆಡಿದಳು, ಬಲಕ್ಕೆ ಎಳೆದಳು, ಓಡಿಸಿದಳು, ಮತ್ತೆ ಮತ್ತೆ ಬೀಳಿಸಿದಳು. ಕೊನೆಗೊಮ್ಮೆ ಲಾರಿ ಕಂಡದ್ದೇ, ನೋಡಲಾರದೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಎತ್ತುಗಳು ನಿಂತವು. ಲಾರಿ ಹಾದುಹೋಯಿತು.

"ಅವ್ವ ಉಳ್ಕಂಡ್ಳು ಕನಪ್ಪೋ!" ದಿವ್ಯ ಎದ್ದು ಕುಣಿದಳು. ಹೊನ್ನಪ್ಪನೂ ಎದ್ದು ನಿಂತಿದ್ದ.

ಆಮೇಲೆ ದಿವ್ಯಳ ನಗು ನಿಂತಿತು. "ಬಾವ, ಏನೂ ಮಾಡ್ದೆ ಸುಮ್ಕಿದ್ದಿದ್ರೆ ಉಳ್ಕತಿದ್ಲಾ?"

"ಆಟದಲ್ಲಿ ಅಂಗೆ ಕನವ್ವ," ಎಂದ ಲೋಕೇಶ.

ಅವಳು ಅಪ್ಪನ ಕಡೆ ತಿರುಗಿದಳು. "ನೀನ್ಯಾಕಪ್ಪ ಅಗ್ಗ ಎಳ್ದೆ?"

ಲೋಕೇಶ ಅಡ್ಡ ಬಂದ. "ಮಾವ, ಅದು ಸುಳ್ಳು. ಆಟಕ್ಕೊಂದು ದಾರಿ ಬೇಕಿತ್ತು, ನಾನೇ ಕಟ್ಟಿದ್ದು."

"ಎತ್ತು ಸರ್ಯಾಗ್ ಬರ್ದಿದ್ದೀಯ. ಹಳ್ಳ ಸರ್ಯಾಗ್ ಬರ್ದಿದ್ದೀಯ. ಅವಳ ಸೀರೆ ಬರ್ದಿದ್ದೀಯ," ಎಂದ ಹೊನ್ನಪ್ಪ. "ಇದೊಂದ್ನ ಮಾತ್ರ ಸುಳ್ ಬರ್ದ್ಯಾ?"

ಒಂದಿಷ್ಟೂ ಸುಳ್ಳಿಲ್ಲದ ಆಟ ಎಂದು ಮಾವನನ್ನು ಕರೆಸಿಕೊಂಡವನು ಲೋಕೇಶನೇ. ಆ ಗಳಿಗೆಯಲ್ಲಿ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ನಿಂತ್ಕತಿದ್ವೇನೋ," ಎಂದು ಹೊನ್ನಪ್ಪ ತನ್ನಷ್ಟಕ್ಕೆ ಹೇಳಿಕೊಂಡ. "ಅಗ್ಗ ಬುಟ್ಟಿದ್ರೆ ನಿಂತ್ಕತಿದ್ವೇನೋ."

ದಿವ್ಯ ಕುರ್ಚಿಯನ್ನು ಅಪ್ಪನ ಕಡೆ ತಳ್ಳಿದಳು. "ನೀನ್ ಆಡು."

ಹೊನ್ನಪ್ಪ ಕೂತ. ಗಾಡಿ ಹೊಡೆದ ಕೈ, ಕೀಗಳನ್ನು ಬೇಗ ಕಲಿಯಿತು. ಹಳ್ಳ ತಪ್ಪಿಸಿದ, ತಿರುವಿಗೆ ಬಂದ. ಲಾರಿ ಕಂಡಿತು.

"ಕೈ ತೆಗಿ ಮಾವ!" ಲೋಕೇಶ ಕೂಗಿದ.

ಹೊನ್ನಪ್ಪನ ಬೆರಳು ಎಡಗಡೆಯ ಕೀಯನ್ನು ಒತ್ತಿ ಹಿಡಿಯಿತು. ಒತ್ತಬಾರದು ಎಂದು ಗೊತ್ತಿತ್ತು, ಒತ್ತಿದ. ಗಾಡಿ ಮಗುಚಿತು, ಹಸಿರು ಚುಕ್ಕೆ ನೀರಿಗೆ ಬಿತ್ತು, ಸೋತವರಿಗೆಂದು ಲೋಕೇಶ ಹೊಂದಿಸಿದ್ದ ತಮಾಷೆಯ ರಾಗ ಕಂಪ್ಯೂಟರಿನ ಡಬ್ಬಿಯೊಳಗಿಂದ ಕುಂಯ್‌ಗುಟ್ಟಿತು.

ಲೋಕೇಶ ಸ್ವಿಚ್ಚಿಗೆ ಕೈ ಹಾಕಿದ. ದಿವ್ಯ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಸುಮ್ಕಿರು ಬಾವ. ಇನ್ನೊಂದ್ಸಲ ಆಡ್ಲಿ. ಕಲ್ತ್ಕಳ್ಲಿ."

ಹೊನ್ನಪ್ಪ ಟವೆಲಿನಿಂದ ಬೆರಳುಗಳ ಬೆವರು ಒರೆಸಿಕೊಂಡು, ಮಗಳ ಮುಖ ನೋಡದೆ ಕೇಳಿದ:

"ಸುರು ಮಾಡಕ್ಕೆ ಯಾವ್ದ ಒತ್ಬೇಕವ್ವ?"